ಕಲ್ಪೆಟ್ಟಕ್ಕೆ ಹೊರಡುವ ಮುನ್ನ ಯಾರನ್ನು ಕೇಳಬೇಕು?

ಪ್ರವಾಸಿ ಕೈಪಿಡಿಯೊಂದು ಸ್ವತಂತ್ರವೋ ಅಲ್ಲವೋ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಬರೆದವರ ಊಟ, ವಸತಿ, ವಾಹನದ ಖರ್ಚು ಕೊಟ್ಟವರು ಯಾರು? ಅದು ಉಪಯುಕ್ತವೋ ಅಲ್ಲವೋ ಎಂದು ತಿಳಿಯಲು ಇನ್ನೊಂದು ಪ್ರಶ್ನೆ ಬೇಕು: ಬರೆದವರು ಆ ಜಾಗವನ್ನು ಕೊನೆಯ ಸಲ ನೋಡಿದ್ದು ಯಾವಾಗ? ಮೊದಲನೆಯದಕ್ಕೆ ಒಳ್ಳೆಯ ಉತ್ತರವಿದ್ದು ಎರಡನೆಯದಕ್ಕೆ ಇಲ್ಲದ ಪುಸ್ತಕಗಳು ಬಹಳ. ಎರಡನೆಯದಕ್ಕೆ ಉತ್ತರವಿದ್ದು ಮೊದಲನೆಯದನ್ನು ಮುಚ್ಚಿಡುವ ವಿಡಿಯೊಗಳು ಅದಕ್ಕಿಂತಲೂ ಬಹಳ.

ಈ ಎರಡು ಪ್ರಶ್ನೆಗಳನ್ನು ಒರೆಗೆ ಹಚ್ಚಿ ನೋಡಲು ಕಲ್ಪೆಟ್ಟದಂಥ ಊರು ಬೇರೆ ಸಿಗುವುದು ಕಷ್ಟ. 1980ರ ನವೆಂಬರ್ 1ರಂದು ವಯನಾಡ್ ಜಿಲ್ಲೆ ರೂಪುಗೊಂಡಾಗಿನಿಂದ ಇದು ಜಿಲ್ಲಾ ಕೇಂದ್ರ. ಮೈಸೂರಿನಿಂದ ಸುಮಾರು 140 ಕಿ.ಮೀ., ಬೆಂಗಳೂರಿನಿಂದ 280 ಕಿ.ಮೀ. ದೂರ. ರೈಲು ಇಲ್ಲ, ಹತ್ತಿರದ ದೊಡ್ಡ ನಿಲ್ದಾಣ ಘಾಟಿಯ ಕೆಳಗೆ ಕೋಯಿಕ್ಕೋಡಿನಲ್ಲಿದೆ. ಶನಿವಾರ ಬೆಳಗಾದರೆ ಗುಂಡ್ಲುಪೇಟೆ ದಾಟಿ ಬರುವ ಕೆಎ ನಂಬರಿನ ಕಾರುಗಳು ಇಲ್ಲಿ ಸಾಲುಗಟ್ಟುತ್ತವೆ. ಹೀಗೆ ಬರುವವರಲ್ಲಿ ಬಹುತೇಕರ ಕೈಯಲ್ಲಿರುವುದು ‘ವಯನಾಡಿನ ಹತ್ತು ತಾಣಗಳು’ ಎಂಬಂಥ ಒಂದು ಪಟ್ಟಿ: ಚೆಂಬ್ರ, ಎಡಕ್ಕಲ್, ಪೂಕೋಡ್, ಬಾಣಾಸುರ ಸಾಗರ, ಕುರುವ, ಸೂಚಿಪ್ಪಾರ. ಪಟ್ಟಿ ತಪ್ಪಲ್ಲ. ಆದರೆ ಅವುಗಳಲ್ಲಿ ಯಾವುದು ಅರಣ್ಯ ಇಲಾಖೆಯದು, ಯಾವುದು ಪ್ರವಾಸೋದ್ಯಮ ಮಂಡಳಿಯದು, ಯಾವುದು ವಿದ್ಯುತ್ ಮಂಡಳಿಯದು ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದು ನಿಂತಿರುವುದು ಆ ಒಡೆತನದ ಮೇಲೆಯೇ.

ಸ್ವತಂತ್ರ ಕೈಪಿಡಿಯ ಕಲ್ಪನೆ ಹೊಸದೇನಲ್ಲ. ಲಂಡನ್ನಿನ ಜಾನ್ ಮರ್ರೆ ಯುರೋಪಿನ ಪ್ರವಾಸಿಗರಿಗಾಗಿ ತನ್ನ ಮೊದಲ ಕೈಪಿಡಿಯನ್ನು 1836ರಲ್ಲಿ ಹೊರತಂದ. ಅದೇ ಕಾಲದ ಜರ್ಮನಿಯ ಕಾರ್ಲ್ ಬೇಡೆಕರ್ ತಾನು ಯಾರೆಂದು ಹೇಳಿಕೊಳ್ಳದೆ ಹೋಟೆಲುಗಳಲ್ಲಿ ತಂಗಿ, ತನ್ನ ದುಡ್ಡನ್ನೇ ಕೊಟ್ಟು, ನೋಡಿದ್ದನ್ನು ಬರೆಯುವ ಪದ್ಧತಿ ಬೆಳೆಸಿದ. ಮಿಲಾನ್ ಚರ್ಚಿನ ಮೆಟ್ಟಿಲು ಎಣಿಸುವಾಗ ಲೆಕ್ಕ ತಪ್ಪದಿರಲೆಂದು ಇಪ್ಪತ್ತು ಮೆಟ್ಟಿಲಿಗೊಮ್ಮೆ ಒಂದು ಬಟಾಣಿ ಕಾಳನ್ನು ಈ ಜೇಬಿನಿಂದ ಆ ಜೇಬಿಗೆ ಹಾಕಿಕೊಳ್ಳುತ್ತಿದ್ದನಂತೆ. ಮರ್ರೆಯ ಭಾರತದ ಕೈಪಿಡಿ 1859ರಲ್ಲೂ ಬೇಡೆಕರ್ ಸಂಸ್ಥೆಯದು 1914ರಲ್ಲೂ ಬಂದವು. ಟೈರು ಮಾರುವ ಮಿಶೆಲಿನ್ ಕಂಪನಿ 1900ರಲ್ಲಿ ಹಂಚಿದ ಗೈಡ್ ಮೊದಲಿಗೆ ಉಚಿತವೇ ಆಗಿತ್ತು. ಜನ ಹೆಚ್ಚು ಕಾರು ಓಡಿಸಿದರೆ ಟೈರು ಹೆಚ್ಚು ಸವೆಯುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಉಚಿತವಾಗಿ ಸಿಗುವ ಮಾಹಿತಿಯ ಖರ್ಚು ಯಾರೋ ಎಲ್ಲೋ ಹೊರುತ್ತಿರುತ್ತಾರೆ ಎಂಬುದಕ್ಕೆ ಇಷ್ಟು ನೇರವಾದ ಉದಾಹರಣೆ ಇನ್ನೊಂದಿಲ್ಲ.

ಟೋನಿ ಮತ್ತು ಮೌರೀನ್ ವೀಲರ್ ದಂಪತಿ 1973ರಲ್ಲಿ ಆರಂಭಿಸಿದ ಲೋನ್ಲಿ ಪ್ಲಾನೆಟ್ ಕಡಿಮೆ ದುಡ್ಡಿನ ಪ್ರವಾಸಿಗೆ ಬೇಡೆಕರ್ ಪದ್ಧತಿಯನ್ನು ಒಗ್ಗಿಸಿತು. 1981ರಲ್ಲಿ ಅದರ ಭಾರತದ ಕೈಪಿಡಿ ಬಂತು. 2007ರಲ್ಲಿ ಸಂಸ್ಥೆಯ ಬಹುಪಾಲು ಬಿಬಿಸಿಯ ಕೈಗೆ, 2013ರಲ್ಲಿ ಅಮೆರಿಕದ ಒಂದು ಕಂಪನಿಗೆ, 2020ರಲ್ಲಿ ಮತ್ತೊಂದಕ್ಕೆ ಹೋಯಿತು. ಒಡೆಯರು ಬದಲಾದರೂ ಹೆಸರು ಮಾತ್ರ ಅದೇ. ಇಂಥ ಅಖಿಲ ಭಾರತ ಗೈಡುಗಳಲ್ಲಿ ವಯನಾಡಿಗೆ ಸಿಗುವುದು ಕೆಲವೇ ಪುಟ. ವಿದೇಶಿಯನ ಕಣ್ಣಿಗೆ ಬಿದ್ದ ತಿರುನೆಲ್ಲಿ, ಮುತ್ತಂಗ, ನಾಲ್ಕಾರು ವಸತಿಗಳು ಅಲ್ಲಿರುತ್ತವೆ. ಮೈಸೂರಿನಿಂದ ಮಕ್ಕಳು ಮರಿ ಕಟ್ಟಿಕೊಂಡು ಬರುವ ಕುಟುಂಬಕ್ಕೆ ಬೇಕಾದ ಮಾಹಿತಿ ಅಲ್ಲಿ ಸಿಗುವುದು ಅಪರೂಪ. ಓದುಗರೇ ಬರೆದು ಓದುಗರೇ ತಿದ್ದುವ ವಿಕಿವಾಯೇಜ್ 2013ರ ಜನವರಿಯಲ್ಲಿ ವಿಕಿಮೀಡಿಯಾದ ಅಂಗಳಕ್ಕೆ ಬಂತು. ಜಾಹೀರಾತಿಲ್ಲ, ಕಮಿಷನ್ ಇಲ್ಲ. ಅದರ ಪುಟದ ಇತಿಹಾಸ ತೆರೆದರೆ ಯಾವ ಸಾಲು ಯಾವ ದಿನ ಸೇರಿತು ಎಂಬುದು ಕಾಣುತ್ತದೆ. ಈ ಸೌಲಭ್ಯ ಅಚ್ಚಾದ ಪುಸ್ತಕಕ್ಕೂ ಇಲ್ಲ, ವಿಡಿಯೊಗೂ ಇಲ್ಲ. ಸಣ್ಣ ಊರಿನ ಪುಟಗಳನ್ನು ತಿದ್ದುವವರು ಕಡಿಮೆಯಾದ್ದರಿಂದ ಆ ಇತಿಹಾಸವನ್ನು ನೋಡಿಯೇ ಮುಂದುವರಿಯುವುದು ಕ್ಷೇಮ.

ಗ್ರಾಹಕರ ರಿವ್ಯೂಗಳ ಕಥೆ ಬೇರೆ. ಸಾವಿರ ಜನ ಹೇಳಿದ್ದು ಸುಳ್ಳಾಗಲಾರದು ಎಂಬ ನಂಬಿಕೆಯನ್ನು 2017ರಲ್ಲಿ ಲಂಡನ್ನಿನ ಒಬ್ಬ ಪತ್ರಕರ್ತ ಚೆನ್ನಾಗಿ ಕೆಣಕಿದ. ತನ್ನ ಹಿತ್ತಿಲ ಶೆಡ್ಡನ್ನು ಹೋಟೆಲ್ ಎಂದು ಟ್ರಿಪ್‌ಅಡ್ವೈಸರ್‌ನಲ್ಲಿ ನೋಂದಾಯಿಸಿ, ಗೆಳೆಯರಿಂದ ಹೊಗಳಿಕೆ ಬರೆಸಿ, ಇಲ್ಲದ ಹೋಟೆಲನ್ನು ನಗರದ ಮೊದಲ ಸ್ಥಾನಕ್ಕೆ ಏರಿಸಿದ. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಿತು. ಬಂದಾಗ ಅದು ಕಡ್ಡಾಯವಲ್ಲದ ಸ್ವಯಂಪಾಲನೆಯ ನಿಯಮವಾಗಿತ್ತು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಸಾಮಾಜಿಕ ಜಾಲತಾಣಗಳ ಪ್ರಭಾವಿಗಳಿಗೆ ಇನ್ನೊಂದು ಸೂಚನೆ ಕೊಟ್ಟಿತು. ದುಡ್ಡು, ಉಡುಗೊರೆ, ಪುಕ್ಕಟೆ ಪ್ರಯಾಣ, ಪುಕ್ಕಟೆ ವಸತಿ ಏನೇ ಪಡೆದಿದ್ದರೂ ಅದನ್ನು ನೋಡುಗರಿಗೆ ಸ್ಪಷ್ಟವಾಗಿ ಹೇಳಬೇಕು ಎಂಬುದು ಅದರ ಸಾರ. ಹಾಗಾಗಿ ಕಾಫಿ ತೋಟದ ಮಧ್ಯದ ಈಜುಕೊಳದ ರೀಲ್ಸ್ ನೋಡುವಾಗ ಮೊದಲು ಹುಡುಕಬೇಕಾದದ್ದು ಮೂಲೆಯಲ್ಲಿ ಸಣ್ಣಗೆ ಕಾಣುವ ‘ಜಾಹೀರಾತು’ ಎಂಬ ಗುರುತು. ಗುರುತಿಲ್ಲ ಎಂದಮಾತ್ರಕ್ಕೆ ದುಡ್ಡು ಪಡೆದಿಲ್ಲ ಎಂದೇನೂ ಅಲ್ಲ. ಬುಕಿಂಗ್ ಆ್ಯಪ್‌ಗಳ ಪಟ್ಟಿಯಲ್ಲಿ ಮೇಲೆ ಕಾಣುವುದಕ್ಕೂ ಹೆಚ್ಚು ಕಮಿಷನ್ ಕೊಡುವುದಕ್ಕೂ ಸಂಬಂಧವಿರಬಹುದು. ರಿವ್ಯೂಗಳಲ್ಲಿ ಐದು ನಕ್ಷತ್ರದವನ್ನೂ ಒಂದು ನಕ್ಷತ್ರದವನ್ನೂ ಬಿಟ್ಟು ಮೂರು ನಕ್ಷತ್ರ ಕೊಟ್ಟವರನ್ನು, ಅದರಲ್ಲೂ ಮಳೆಗಾಲದಲ್ಲಿ ಬಂದವರನ್ನು ಓದುವುದು ಲಾಭದಾಯಕ. ಜಿಗಣೆ, ಕರೆಂಟು, ಕೊನೆಯ ಎರಡು ಕಿಲೋಮೀಟರ್ ಜೀಪು ರಸ್ತೆ ಇವೆಲ್ಲ ಅಲ್ಲೇ ಸಿಗುತ್ತವೆ.

ಸರಕಾರಿ ಮಾಹಿತಿ ಸ್ವತಂತ್ರವಲ್ಲ, ಆದರೆ ಅಧಿಕೃತ. ಇವೆರಡನ್ನು ಬೆರೆಸದಿದ್ದರೆ ಅರ್ಧ ಗೊಂದಲ ಕಳೆಯಿತು. ಕೇರಳ ಪ್ರವಾಸೋದ್ಯಮ ಇಲಾಖೆಯ ಕೆಲಸವೇ ಜನರನ್ನು ಕರೆಯುವುದು. ‘ಈ ವಾರ ಬರಬೇಡಿ, ಘಾಟಿಯಲ್ಲಿ ಗಂಟೆಗಟ್ಟಲೆ ವಾಹನ ನಿಂತಿದೆ’ ಎಂದು ಅದರ ಬಣ್ಣದ ಕಿರುಹೊತ್ತಿಗೆ ಹೇಳಲಾರದು. ಆದರೆ ಪ್ರವೇಶ ಸಮಯ, ಶುಲ್ಕ, ರಜೆಯ ದಿನಗಳ ವಿಷಯದಲ್ಲಿ ಜಿಲ್ಲಾ ಪ್ರವಾಸೋದ್ಯಮ ಉತ್ತೇಜನ ಮಂಡಳಿಯ, ಅಂದರೆ ಡಿಟಿಪಿಸಿಯ ಮಾತೇ ಕೊನೆಯದು. ಎಡಕ್ಕಲ್‌ಗೆ ಸೋಮವಾರ ರಜೆ. ಭಾನುವಾರ ರಾತ್ರಿ ತಂಗಿ ಸೋಮವಾರ ನೋಡಿಕೊಂಡು ಹೊರಡೋಣ ಎನ್ನುವ ಯೋಜನೆಗೆ ಈ ಒಂದು ಸಾಲಿನ ಮಾಹಿತಿ ಹತ್ತು ಚೆಂದದ ಫೋಟೊಗಳಿಗಿಂತ ಮುಖ್ಯ.

ಅರಣ್ಯ ಇಲಾಖೆಯ ತಾಣಗಳಲ್ಲಿ ಅನಿಶ್ಚಿತತೆ ಇನ್ನೂ ಹೆಚ್ಚು. 2024ರ ಫೆಬ್ರುವರಿಯಲ್ಲಿ ಕುರುವ ದ್ವೀಪದ ಕಾವಲು ಸಿಬ್ಬಂದಿಯೊಬ್ಬರು ಕಾಡಾನೆ ದಾಳಿಗೆ ಬಲಿಯಾದ ಮೇಲೆ ಜಿಲ್ಲೆಯ ಪರಿಸರ ಪ್ರವಾಸಿ ತಾಣಗಳು ಮುಚ್ಚಿದವು. ವಿಷಯ ಕೇರಳ ಹೈಕೋರ್ಟಿನ ಮುಂದೆ ಬಂದು, ಸಂದರ್ಶಕರ ಸಂಖ್ಯೆಗೆ ಮಿತಿ ಹಾಕಿಕೊಂಡು ಒಂದೊಂದಾಗಿ ತೆರೆಯಲು ತಿಂಗಳುಗಳೇ ಹಿಡಿದವು. ಆ ಅವಧಿಯಲ್ಲಿ ಅಂಗಡಿಯಲ್ಲಿದ್ದ ಪ್ರತಿಯೊಂದು ಗೈಡೂ, ಎಷ್ಟೇ ಪ್ರಾಮಾಣಿಕವಾಗಿ ಬರೆದದ್ದಾದರೂ, ಕುರುವದ ವಿಷಯದಲ್ಲಿ ತಪ್ಪಾಗಿತ್ತು. ಸುಮಾರು 2,100 ಮೀಟರ್ ಎತ್ತರದ ಚೆಂಬ್ರ ಶಿಖರದ ಮಾತೂ ಹಾಗೆಯೇ. ಹಳೆಯ ಬರಹಗಳು ತುದಿಯವರೆಗಿನ ಚಾರಣವನ್ನು ವರ್ಣಿಸುತ್ತವೆ. ಅನುಮತಿ ಸಿಗುವುದು ಹೃದಯದಾಕಾರದ ಕೆರೆಯವರೆಗೆ ಮಾತ್ರ, ಅದೂ ದಿನಕ್ಕೆ ಇಂತಿಷ್ಟೇ ಜನಕ್ಕೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಮುತ್ತಂಗ, ತೋಲ್ಪೆಟ್ಟಿ ಸಫಾರಿಗಳು ನಿಲ್ಲುವುದುಂಟು. 344 ಚದರ ಕಿ.ಮೀ.ಯ ವಯನಾಡ್ ವನ್ಯಧಾಮ 1973ರಲ್ಲಿ ಘೋಷಣೆಯಾದದ್ದು ಆನೆ, ಹುಲಿಗಳಿಗಾಗಿ. ಪ್ರವಾಸಿಯದು ಅಲ್ಲಿ ಎರಡನೆಯ ಸ್ಥಾನ.

2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯಿತಿಯ ಮುಂಡಕ್ಕೈ, ಚೂರಲ್ಮಲ ಪ್ರದೇಶದಲ್ಲಿ ಗುಡ್ಡ ಕುಸಿದು 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಹಿಂದಿನ ವರ್ಷದ ಗೈಡುಗಳಲ್ಲಿ ಅದು ಚಹಾ ತೋಟಗಳ ನಡುವಿನ ರಮ್ಯ ದಾರಿ. ಸೂಚಿಪ್ಪಾರ ಜಲಪಾತ ಇರುವುದು ಅದೇ ನೆರೆಯಲ್ಲಿ. ದುರಂತದ ಮೊದಲು ಅಚ್ಚಾದ ನಕ್ಷೆ, ವರ್ಣನೆ ಎರಡೂ ಈಗ ದಾಖಲೆಗಳಷ್ಟೇ. ಇಂಥ ಕಡೆ ದಿನಾಂಕವಿಲ್ಲದ ಬರಹವನ್ನು ಬಳಸಲೇಬಾರದು.

ದುರಂತದ ಜತೆಗೇ ಕಲ್ಪೆಟ್ಟದ ಇನ್ನೊಂದು ಹೆಸರು ಸುದ್ದಿಗೆ ಬಂತು. ಇಲ್ಲಿ ನೆಲೆಯಿರುವ ಹ್ಯೂಮ್ ಸೆಂಟರ್ ಎಂಬ ಪರಿಸರ ಅಧ್ಯಯನ ಸಂಸ್ಥೆ ಜಿಲ್ಲೆಯಾದ್ಯಂತ ಸುಮಾರು 200 ಮಳೆಮಾಪಕಗಳ ಜಾಲ ಕಟ್ಟಿಕೊಂಡಿದೆ. ದುರಂತದ ಜಾಗಕ್ಕೆ ಹತ್ತಿರದ ಪುತ್ತುಮಲದ ಮಾಪಕದಲ್ಲಿ ಅದಕ್ಕೆ ಮುಂಚಿನ 48 ಗಂಟೆಗಳಲ್ಲಿ 572 ಮಿ.ಮೀ. ಮಳೆ ದಾಖಲಾಗಿತ್ತು, ಅಪಾಯದ ಮುನ್ಸೂಚನೆಯನ್ನು ಸಂಸ್ಥೆ ಹಿಂದಿನ ದಿನವೇ ಕೊಟ್ಟಿತ್ತು. ಪ್ರವಾಸಿ ಗೈಡ್ ಎಂದು ಯಾರೂ ಕರೆಯದ, ಆದರೆ ಪ್ರವಾಸಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಸ್ವತಂತ್ರ ಮಾಹಿತಿ ಇದು. ವಯನಾಡಿನ ಮಳೆಗೆ ‘ಸರಾಸರಿ’ ಎಂಬುದು ಹೊಂದುವುದೇ ಇಲ್ಲ. ಘಾಟಿಯ ತುದಿಯ ಲಕ್ಕಿಡಿ ಕೇರಳದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಅದೇ ಜಿಲ್ಲೆಯ ಪೂರ್ವದಂಚಿನಲ್ಲಿ, ಕರ್ನಾಟಕಕ್ಕೆ ತಾಗಿದ ಪುಲ್ಪಳ್ಳಿ ಕಡೆ ಬೆಳೆ ಒಣಗುವ ಬರವೂ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನೂ ಜಿಲ್ಲಾಧಿಕಾರಿಯ ಆದೇಶಗಳನ್ನೂ ಹೊರಡುವ ದಿನವೇ ನೋಡಬೇಕು. ಕೆಂಪು ಎಚ್ಚರಿಕೆ ಬಿದ್ದರೆ ತಾಣಗಳು ಮುಚ್ಚುತ್ತವೆ, ರೂಮಿನ ಮುಂಗಡ ವಾಪಸು ಬರುತ್ತದೋ ಇಲ್ಲವೋ ಎಂಬುದು ಬುಕಿಂಗ್ ಷರತ್ತಿಗೆ ಬಿಟ್ಟದ್ದು.

ರಸ್ತೆಯ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಬೇಕಾದ ಮಾಹಿತಿ ಕೇರಳದ ಗೈಡುಗಳಲ್ಲಿ ಅರೆಬರೆಯಾಗಿರುವುದು ಸಹಜ. ಅಡಚಣೆ ಇರುವುದು ಗಡಿಯ ಈಚೆಗೆ. ಕೋಯಿಕ್ಕೋಡ್–ಕೊಳ್ಳೇಗಾಲ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡನ್ನು ಸೀಳಿಕೊಂಡು ಹೋಗುತ್ತದೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಎರಡೂ ರಾಜ್ಯಗಳ ಕೆಲವೇ ಬಸ್ಸುಗಳಿಗೂ ಆಂಬುಲೆನ್ಸ್‌ಗಳಿಗೂ ವಿನಾಯಿತಿ. ಹೆಗ್ಗಡದೇವನಕೋಟೆ, ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ದಾರಿ ಸಂಜೆ 6ಕ್ಕೇ ಮುಚ್ಚುತ್ತದೆ. ರಾತ್ರಿಯಾದರೆ ಉಳಿಯುವುದು ಹುಣಸೂರು, ಗೋಣಿಕೊಪ್ಪ, ಕುಟ್ಟದ ಸುತ್ತುದಾರಿ. ಮೊಬೈಲಿನ ನಕ್ಷೆ ತೋರಿಸುವ ‘ಅತಿ ವೇಗದ ಮಾರ್ಗ’ದ ಮೇಲೆ ಭರವಸೆಯಿಟ್ಟು ಚೆಕ್‌ಪೋಸ್ಟಿನ ಮುಂದೆ ಬೆಳಗಿನವರೆಗೆ ಕಾರಿನಲ್ಲೇ ಕೂರುವುದಕ್ಕಿಂತ ಸಂಜೆ ಆರಕ್ಕೇ ಗುಂಡ್ಲುಪೇಟೆ ಮುಟ್ಟುವಂತೆ ಹೊರಡುವುದು ಜಾಣತನ. ಕಲ್ಪೆಟ್ಟದಿಂದ ಗೂಡಲೂರು ದಾಟಿ ಊಟಿಯನ್ನೂ ನೋಡಿಬರೋಣ ಎನ್ನುವವರಿಗೆ ಇನ್ನೊಂದು ಬದಲಾವಣೆ: ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿಗೆ ಇ-ಪಾಸ್ ಪದ್ಧತಿ ಬಂದಿದೆ. ಮೂರು ರಾಜ್ಯ ಕೂಡುವ ಮೂಲೆಯಲ್ಲಿ ಮೂರು ಸರಕಾರಗಳ ನಿಯಮ ಓದಿಕೊಳ್ಳಬೇಕು. ಒಂದೇ ಕೈಪಿಡಿಯಲ್ಲಿ ಅವು ಒಟ್ಟಿಗೆ ಸಿಗುವುದಿಲ್ಲ.

ನಕ್ಷೆಗಳ ಪೈಕಿ 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಸ್ವಯಂಸೇವಕರು ಕಟ್ಟಿದ್ದು. ಅದನ್ನು ಆಧರಿಸಿದ ಆ್ಯಪ್‌ಗಳಲ್ಲಿ ಜಿಲ್ಲೆಯ ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ತೋಟಗಳ ಮಧ್ಯೆಯೂ ದಾರಿ ಕಾಣುತ್ತದೆ. ಎಸ್ಟೇಟಿನ ಖಾಸಗಿ ರಸ್ತೆಯನ್ನೂ ಸಾರ್ವಜನಿಕ ರಸ್ತೆಯನ್ನೂ ಯಾವ ನಕ್ಷೆಯೂ ಸರಿಯಾಗಿ ಬೇರ್ಪಡಿಸುವುದಿಲ್ಲ. ಗೇಟು ಕಂಡಲ್ಲಿ ವಾಹನ ತಿರುಗಿಸುವುದೊಂದೇ ದಾರಿ.

ಬದಲಾಗದ, ಅಥವಾ ಬಹಳ ನಿಧಾನವಾಗಿ ಬದಲಾಗುವ ಸಂಗತಿಗಳಿಗೆ ಹಳೆಯ ಪುಸ್ತಕಗಳನ್ನು ಮೀರಿಸಿದವು ಇಲ್ಲ, ಮತ್ತು ಪ್ರವಾಸಿಗರು ಅತಿ ಕಡಿಮೆ ಬಳಸುವುದೂ ಅವನ್ನೇ. ವಯನಾಡ್ ಬ್ರಿಟಿಷರ ಕಾಲದಲ್ಲಿ ಮಲಬಾರ್ ಜಿಲ್ಲೆಗೆ ಸೇರಿತ್ತು. ಅಲ್ಲಿ ಕಲೆಕ್ಟರ್ ಆಗಿದ್ದ ವಿಲಿಯಂ ಲೋಗನ್ 1887ರಲ್ಲಿ ಹೊರತಂದ ‘ಮಲಬಾರ್’ ಸಂಪುಟಗಳು ಇಂದಿಗೂ ಆಕರ. ಸಿ. ಗೋಪಾಲನ್ ನಾಯರ್ 1911ರಲ್ಲಿ ವಯನಾಡಿನ ಜನ ಮತ್ತು ಸಂಪ್ರದಾಯಗಳ ಬಗ್ಗೆಯೇ ಪುಸ್ತಕ ಬರೆದರು. ಅಂಬುಕುತ್ತಿ ಬೆಟ್ಟದ ಎಡಕ್ಕಲ್‌ನ ಕೆತ್ತನೆಗಳನ್ನು ವಿದ್ವಾಂಸರ ಗಮನಕ್ಕೆ ತಂದವನು ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್. ಅವನ ಲೇಖನ 1901ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬಂತು. ಗೈಡುಗಳೆಲ್ಲ ‘ಗುಹೆ’ ಎನ್ನುತ್ತವಾದರೂ ಎಡಕ್ಕಲ್ ನಿಜವಾಗಿ ಗುಹೆಯಲ್ಲ. ಬೃಹತ್ ಬಂಡೆ ಸೀಳಿ ಉಂಟಾದ ಸಂದಿಯ ಮೇಲೆ ಇನ್ನೊಂದು ಬಂಡೆ ಸಿಕ್ಕಿಕೊಂಡು ಚಾವಣಿಯಾಗಿದೆ. ಇದನ್ನು ತಿಳಿದು ಹೋದವರು ಕೆತ್ತನೆಗಳನ್ನು ನೋಡುವ ಮೊದಲು ತಲೆಯೆತ್ತಿ ನೋಡುತ್ತಾರೆ. ಈ ಹಳೆಯ ಪುಸ್ತಕಗಳಲ್ಲಿ ಹಕ್ಕುಸ್ವಾಮ್ಯದ ಅವಧಿ ಮುಗಿದವು ಡಿಜಿಟಲ್ ಗ್ರಂಥಾಲಯಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಅವುಗಳ ಲೇಖಕರು ಆಡಳಿತದ ಜನ ಎಂಬುದನ್ನೂ, ಆದಿವಾಸಿಗಳ ಬಗೆಗಿನ ಅವರ ಮಾತು ಆಳುವವರ ಮಾತು ಎಂಬುದನ್ನೂ ಮರೆಯದೆ ಓದಬೇಕು. ಹೋಟೆಲಿನ ಬಿಲ್ಲಿನಂತೆ ಅಧಿಕಾರವೂ ಬರಹವನ್ನು ಬಾಗಿಸುತ್ತದೆ.

ಕಥೆ, ಕಾದಂಬರಿಗಳನ್ನೂ ಈ ಕಪಾಟಿನಲ್ಲೇ ಇಡಬಹುದು. ಎಸ್.ಕೆ. ಪೊಟ್ಟೆಕ್ಕಾಟರ ‘ವಿಷಕನ್ಯಕ’ ತಿರುವಾಂಕೂರಿನಿಂದ ಬಂದ ವಲಸಿಗರು ಈ ಕಾಡಿನಲ್ಲಿ, ಮಲೇರಿಯಾದ ನಡುವೆ ನೆಲ ಹದಗೊಳಿಸಿದ ಕಥೆ. ಪಿ. ವತ್ಸಲಾ ಅವರ ‘ನೆಲ್ಲು’ ತಿರುನೆಲ್ಲಿಯ ಆದಿವಾಸಿಗಳದು. ಕಲ್ಪೆಟ್ಟದವರೇ ಆದ ಎಂ.ಪಿ. ವೀರೇಂದ್ರಕುಮಾರ್ (1936–2020) ರಾಜಕಾರಣಿ, ‘ಮಾತೃಭೂಮಿ’ ಪತ್ರಿಕೆಯ ವ್ಯವಸ್ಥಾಪಕ ನಿರ್ದೇಶಕ, ಜತೆಗೆ ಪ್ರವಾಸ ಸಾಹಿತಿ. ಹಿಮಾಲಯ ಯಾತ್ರೆಯ ಅವರ ‘ಹೈಮವತಭೂವಿಲ್’ಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಕನ್ನಡದಲ್ಲಿ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಬಂದ ಹಾಗೆ. ಪ್ರವಾಸ ಕಥನ ಬಸ್ಸಿನ ವೇಳೆ ಹೇಳುವುದಿಲ್ಲ, ಆದ್ದರಿಂದ ಅದು ಹಳತಾಗುವುದೂ ಇಲ್ಲ. ವೀರೇಂದ್ರಕುಮಾರ್ ಅವರ ತಂದೆ ಪದ್ಮಪ್ರಭ ಗೌಡರ್. ವಯನಾಡಿನ ಜೈನರಿಗೆ ಕರ್ನಾಟಕದೊಂದಿಗಿನ ನಂಟು ಆ ಹೆಸರಿನಲ್ಲೇ ಕೇಳುತ್ತದೆ. ಕಲ್ಪೆಟ್ಟದ ಬಳಿಯ ಪುಳಿಯಾರ್‌ಮಲದ ಅನಂತನಾಥ ಸ್ವಾಮಿ ಬಸದಿ, ಸುಲ್ತಾನ್ ಬತ್ತೇರಿಯಲ್ಲಿ ಪುರಾತತ್ವ ಇಲಾಖೆ ಕಾಯುತ್ತಿರುವ ಕಲ್ಲಿನ ಬಸದಿ ಕನ್ನಡ ಪ್ರವಾಸಿಗೆ ತನ್ನ ನೆಲದ ಮುಂದುವರಿಕೆಯಂತೆ ಕಾಣುತ್ತವೆ. ‘ಹತ್ತು ತಾಣ’ಗಳ ಪಟ್ಟಿಗಳಲ್ಲಿ ಇವು ಹನ್ನೊಂದನೆಯವಾಗಿ ಉಳಿದುಬಿಡುವುದೇ ಹೆಚ್ಚು.

ಆಸಕ್ತಿ ಖಚಿತವಾಗಿದ್ದರೆ ಆಕರಗಳೂ ಖಚಿತವಾಗುತ್ತವೆ. ಹಕ್ಕಿ ನೋಡುವವರಿಗೆ 2015ರಿಂದ 2020ರವರೆಗೆ ಸ್ವಯಂಸೇವಕರೇ ನಡೆಸಿದ ಕೇರಳ ಪಕ್ಷಿ ಅಟ್ಲಾಸ್ ಇದೆ. ರಾಜ್ಯಮಟ್ಟದಲ್ಲಿ ಅಂಥ ಕೆಲಸ ದೇಶದಲ್ಲೇ ಮೊದಲು. ಚೆಂಬ್ರ, ಬಾಣಾಸುರದಂಥ ಬೆಟ್ಟಗಳ ನೆತ್ತಿಯ ಶೋಲಾ ಕಾಡಿಗೆ ಸೀಮಿತವಾದ ಬಾಣಾಸುರ ಚಿಲಪ್ಪನ್ ಹಕ್ಕಿಯ ಸುದ್ದಿ ಮಾಮೂಲಿ ಗೈಡುಗಳಲ್ಲಿ ಇರುವುದಿಲ್ಲ. ಬೆಳೆ, ಬೀಜಗಳ ಆಸಕ್ತರಿಗೆ ಕಲ್ಪೆಟ್ಟಕ್ಕೆ ಅಂಟಿಕೊಂಡ ಪುತ್ತೂರ್‌ವಯಲ್‌ನಲ್ಲಿ ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನದ ಕೃಷಿ ಜೀವವೈವಿಧ್ಯ ಕೇಂದ್ರವಿದೆ. ತ್ರಿಕ್ಕೈಪೆಟ್ಟದಲ್ಲಿ ಉರವು ಸಂಸ್ಥೆ 1996ರಿಂದ ಬಿದಿರಿನ ಕೆಲಸ ಮಾಡಿಸುತ್ತ ಬಂದಿದೆ. ಕೇರಳ 2008ರಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮದ ಪ್ರಯೋಗ ಆರಂಭಿಸಿದ ನಾಲ್ಕು ಜಾಗಗಳಲ್ಲಿ ವಯನಾಡೂ ಒಂದು. ಹಳ್ಳಿ ಸುತ್ತಾಟದ ವಿವರಗಳು ಆ ಯೋಜನೆಯ ಮೂಲಕ ಸಿಗುತ್ತವೆ.

ವಸತಿ ಹುಡುಕುವಾಗ ‘ಹೋಂಸ್ಟೇ’ ಎಂಬ ಫಲಕವನ್ನು ನಂಬುವ ಮೊದಲು ಕೇರಳ ಪ್ರವಾಸೋದ್ಯಮ ಇಲಾಖೆಯ ವರ್ಗೀಕರಣ ನೋಡಬಹುದು: ಡೈಮಂಡ್, ಗೋಲ್ಡ್, ಸಿಲ್ವರ್. ಮನೆಯವರು ಅಲ್ಲೇ ವಾಸವಿರಬೇಕೆಂಬುದು ಮುಖ್ಯ ಷರತ್ತು. ಮನೆಯವರೇ ಇಲ್ಲದ, ಕೀಲಿ ಕೊಡಲೊಬ್ಬ ಹುಡುಗನಿರುವ ‘ಹೋಂಸ್ಟೇ’ಗಳು ಎಷ್ಟು ಬೇಕಾದರೂ ಇವೆ. ಪರವಾನಗಿ ಕೇಳುವುದು ಬರಿಯ ಕಾಗದದ ಶಾಸ್ತ್ರವೇನಲ್ಲ. 2021ರ ಜನವರಿಯಲ್ಲಿ ಮೇಪ್ಪಾಡಿ ಬಳಿಯ ಟೆಂಟಿನಲ್ಲಿ ತಂಗಿದ್ದ ಪ್ರವಾಸಿಯೊಬ್ಬರು ಕಾಡಾನೆಗೆ ಬಲಿಯಾದರು; ಆಮೇಲೆ ಜಿಲ್ಲಾಡಳಿತ ಅನುಮತಿಯಿಲ್ಲದ ಟೆಂಟ್ ವಸತಿಗಳ ಮೇಲೆ ಕ್ರಮಕ್ಕಿಳಿಯಿತು. ಆನೆ ದಾರಿಯ ಪಕ್ಕ ಟೆಂಟು ಹಾಕಿದ್ದನ್ನು ‘ಕಾಡಿನ ಅನುಭವ’ ಎಂದು ಮಾರುವವರ ಜಾಹೀರಾತಿನಲ್ಲಿ ಆನೆಯ ಪ್ರಸ್ತಾಪ ಬೇರೆ ರೀತಿಯಲ್ಲಿರುತ್ತದೆ.

ಕಾಗದ, ಪರದೆ ಎರಡೂ ಹೇಳದ ಸಂಗತಿಗಳಿಗೆ ಊರಿನವರೇ ಆಗಬೇಕು, ಮತ್ತು ಕಲ್ಪೆಟ್ಟದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ವಯನಾಡಿನ ಅನೇಕ ರೈತರು ಕೊಡಗು, ಮೈಸೂರು, ಎಚ್.ಡಿ. ಕೋಟೆ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಗಡಿ ದಾಟಿ ಓಡಾಡುವುದು ಅವರಿಗೆ ಮಾಮೂಲು, ವ್ಯವಹಾರಕ್ಕೆ ಬೇಕಾದಷ್ಟು ಕನ್ನಡವೂ ಬರುತ್ತದೆ. ಬಾವಲಿ ಚೆಕ್‌ಪೋಸ್ಟಿನಲ್ಲಿ ಎಷ್ಟು ಹೊತ್ತು ಕಾಯಬೇಕು, ಕುಟ್ಟದ ರಸ್ತೆ ಈ ವಾರ ಹೇಗಿದೆ, ಸಂಜೆ ಯಾವ ತಿರುವಿನಲ್ಲಿ ಆನೆ ಬರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಎರಡೂ ರಾಜ್ಯಗಳ ಸಾರಿಗೆ ಬಸ್ಸಿನ ಚಾಲಕರೂ ಅಷ್ಟೇ. ‘ಏನೇನು ನೋಡಬೇಕು’ ಎಂದು ಕೇಳಿದರೆ ಮಾತ್ರ ಇವರೂ ಅದೇ ಹತ್ತು ತಾಣಗಳನ್ನು ಹೇಳುತ್ತಾರೆ, ಏಕೆಂದರೆ ಹೊರಗಿನವರಿಗೆ ಬೇಕಾದದ್ದು ಅದೇ ಎಂದು ಅವರ ಎಣಿಕೆ. ಬಾಡಿಗೆ ಕಾರು, ಜೀಪಿನವರ ಸಲಹೆಗೆ ಮೊದಲಿನ ಪ್ರಶ್ನೆಯೇ ಅನ್ವಯ: ಮಸಾಲೆ ಅಂಗಡಿಯ ಮುಂದೆ ತಾವಾಗಿಯೇ ಗಾಡಿ ನಿಲ್ಲಿಸುವವರ ಖರ್ಚಿನ ಒಂದು ಪಾಲು ಅಂಗಡಿಯವರೇ ಕೊಡುತ್ತಿರಬಹುದು. ರಸ್ತೆ, ಮಳೆ, ಆನೆ ಇವುಗಳ ವಿಷಯದಲ್ಲಿ ಊರಿನವರ ಮಾತನ್ನೂ, ಟಿಕೆಟ್ಟು, ವೇಳೆಯ ವಿಷಯದಲ್ಲಿ ಡಿಟಿಪಿಸಿ ಮತ್ತು ಅರಣ್ಯ ಇಲಾಖೆಯ ಕಚೇರಿಗಳನ್ನೂ ನಂಬಿ ಹೊರಡಬಹುದು.